ಫ್ಯಾಂಜಿಯೊನಿಂದ ವರ್ಸ್ಟಾಪನ್‌ವರೆಗೆ: ಯಾರು ದೊಡ್ಡವರು ಅಂತ ಅಳೆಯುವುದು ಹೇಗೆ?

ಬೇಸಿಗೆಯಲ್ಲಿ ಯುರೋಪಿನ ಫಾರ್ಮುಲಾ 1 ರೇಸ್ ನಮಗೆ ಸಂಜೆ ಆರೂವರೆಗೆ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಭಾನುವಾರ ಆ ಹೊತ್ತಿಗೆ ಟಿವಿ ಮುಂದೆ ಗುಂಪು ಕೂಡುವುದು ಈಗ ಮಾಮೂಲಿ. ರೇಸ್ ಮುಗಿದ ಮೇಲೆ ಮಾತು ಎಲ್ಲಿಗೆ ಹೋಗುತ್ತದೆ ಅಂತಲೂ ಗೊತ್ತೇ ಇದೆ. ಈಗಿನ ಮ್ಯಾಕ್ಸ್ ವರ್ಸ್ಟಾಪನ್ ದೊಡ್ಡವನೋ ಹಳಬ ಐರ್ಟನ್ ಸೆನ್ನಾ ದೊಡ್ಡವನೋ? ಹ್ಯಾಮಿಲ್ಟನ್ ಹತ್ತಿರ 105 ಗೆಲುವು ಇದೆ, ಇನ್ನೇನು ಬೇಕು? ಒಬ್ಬರು ಹೇಳುತ್ತಾರೆ, ಈಗಿನವರಿಗೆ ಎಲ್ಲಾ ಕಂಪ್ಯೂಟರೇ ಮಾಡಿಕೊಡುತ್ತದೆ, ಹಳಬರದ್ದು ಗಂಡೆದೆ. ಇನ್ನೊಬ್ಬರು, ಆಗ ಪೈಪೋಟಿನೇ ಎಲ್ಲಿತ್ತು ಅಂತ ತಿರುಗಿ ಕೇಳುತ್ತಾರೆ.

2026ರ ಹೊಸ ನಿಯಮಗಳು ಈ ಜಗಳಕ್ಕೆ ಇನ್ನಷ್ಟು ತುಪ್ಪ ಸುರಿದಿವೆ. ಈಗಿನ ಕಾರಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ವಿದ್ಯುತ್ತಿನಿಂದ ಬರುತ್ತದೆ. ಮುಂದಿನ ಕಾರನ್ನು ದಾಟಲು ಹಿಂದಿನ ರೆಕ್ಕೆ ತೆರೆಯುತ್ತಿದ್ದ ಹಳೇ ಡಿಆರ್‌ಎಸ್ ಹೋಗಿದೆ, ರೆಕ್ಕೆಗಳೇ ಓಡುವಾಗ ಕೋನ ಬದಲಿಸುತ್ತವೆ. ಯಾವಾಗ ಬ್ಯಾಟರಿ ತುಂಬಬೇಕು, ಯಾವಾಗ ಖರ್ಚು ಮಾಡಬೇಕು ಅನ್ನುವ ಲೆಕ್ಕ ಚಾಲಕನ ತಲೆಯೊಳಗೆ ಸದಾ ಓಡುತ್ತಿರಬೇಕು. ಇದನ್ನೂ ಕಾರು ಓಡಿಸೋದು ಅಂತಾರಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಎರಡೂ ಕಡೆಯವರು ತಮಗೆ ಬೇಕಾದ ಒಂದು ಅಂಕಿ ಹಿಡಿದುಕೊಂಡು ಕೂತರೆ ಉತ್ತರ ಸಿಗುವುದಿಲ್ಲ. ಚಾಲಕರನ್ನು ಯುಗ ದಾಟಿ ಅಳೆಯುವ ದಾರಿ ಒಂದಿದೆ. ಅದು ಪೂರ್ತಿ ನೇರವಲ್ಲ, ಆದರೂ ನಂಬಬಹುದಾದಷ್ಟು ದೂರ ಕರೆದುಕೊಂಡು ಹೋಗುತ್ತದೆ.

ಮೊದಲು ಗೆಲುವಿನ ಪಟ್ಟಿ ನೋಡಿ. 2025ರ ಕೊನೆಗೆ ಹ್ಯಾಮಿಲ್ಟನ್ 105, ಶೂಮಾಕರ್ 91, ಅರ್ಜೆಂಟೀನಾದ ಹುವಾನ್ ಮಾನ್ವೆಲ್ ಫ್ಯಾಂಜಿಯೊ ಬರೀ 24. ಆದರೆ ಫ್ಯಾಂಜಿಯೊ ಆ 24 ಗೆದ್ದಿದ್ದು 51 ರೇಸುಗಳಲ್ಲಿ. ಅಂದರೆ ಹತ್ತಿರ ಹತ್ತಿರ ಎರಡಕ್ಕೊಂದು. 1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ವರ್ಷಕ್ಕೆ ಏಳೇ ರೇಸ್. 2024ರಲ್ಲಿ 24. ಒಂದೇ ಸೀಸನ್‌ನಲ್ಲಿ ಈಗಿನ ಚಾಲಕ ಓಡುವಷ್ಟು ರೇಸ್ ಓಡಲು ಫ್ಯಾಂಜಿಯೊಗೆ ಮೂರು ನಾಲ್ಕು ವರ್ಷ ಬೇಕಾಗುತ್ತಿತ್ತು.

ಅಂಕಗಳ ಕಥೆ ಇನ್ನೂ ವಿಚಿತ್ರ. ಫ್ಯಾಂಜಿಯೊ ಇಡೀ ಬದುಕಿನಲ್ಲಿ ಗಳಿಸಿದ್ದು 280ಕ್ಕಿಂತ ಕಡಿಮೆ ಅಂಕ. ವರ್ಸ್ಟಾಪನ್ 2023ರ ಒಂದೇ ವರ್ಷದಲ್ಲಿ 575 ಗಳಿಸಿದ. ಆಗ ಗೆದ್ದವರಿಗೆ 8 ಅಂಕ, ಈಗ 25. ಎಷ್ಟೋ ವರ್ಷ ಎಲ್ಲಾ ರೇಸಿನ ಅಂಕ ಲೆಕ್ಕಕ್ಕೇ ಬರುತ್ತಿರಲಿಲ್ಲ, ಒಳ್ಳೆಯ ಕೆಲವು ಫಲಿತಾಂಶ ಮಾತ್ರ ಸೇರಿಸುತ್ತಿದ್ದರು. 1988ರಲ್ಲಿ ಅಲೆನ್ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದ, ಸೆನ್ನಾ 94. ಆದರೆ ಅತ್ಯುತ್ತಮ 11 ಫಲಿತಾಂಶಗಳನ್ನಷ್ಟೇ ಲೆಕ್ಕ ಹಾಕಿದಾಗ ಸೆನ್ನಾಗೆ 90, ಪ್ರಾಸ್ಟ್‌ಗೆ 87. ಚಾಂಪಿಯನ್ ಆಗಿದ್ದು ಸೆನ್ನಾ. ಈಗಿನ ನಿಯಮ ಅಂದು ಇದ್ದಿದ್ದರೆ ಸೆನ್ನಾ ಹತ್ತಿರ ಎರಡು ಪಟ್ಟ, ಪ್ರಾಸ್ಟ್ ಹತ್ತಿರ ಐದು ಇರುತ್ತಿತ್ತೇನೋ.

ಸ್ಟರ್ಲಿಂಗ್ ಮಾಸ್ ವಿಷಯ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 1958ರಲ್ಲಿ ಅವನು ನಾಲ್ಕು ರೇಸ್ ಗೆದ್ದ. ಮೈಕ್ ಹಾಥಾರ್ನ್ ಗೆದ್ದಿದ್ದು ಒಂದೇ ಒಂದು. ಪಟ್ಟ ಹೋಗಿದ್ದು ಹಾಥಾರ್ನ್‌ಗೆ, 42-41ರಲ್ಲಿ, ಒಂದೇ ಅಂಕದ ಅಂತರ. ಆ ವರ್ಷ ಪೋರ್ಚುಗಲ್‌ನಲ್ಲಿ ಹಾಥಾರ್ನ್ ಅನರ್ಹನಾಗುವುದರಲ್ಲಿದ್ದ. ಅವನ ಪರ ಸಾಕ್ಷಿ ಹೇಳಿ ಉಳಿಸಿದ್ದು ಇದೇ ಮಾಸ್. ಅವನು ಬಾಯಿ ಮುಚ್ಚಿಕೊಂಡು ಇದ್ದಿದ್ದರೂ ಸಾಕಿತ್ತು, ಚಾಂಪಿಯನ್ ಆಗುತ್ತಿದ್ದ. ಮಾಸ್ ಕೊನೆವರೆಗೂ ಒಂದು ಪಟ್ಟವನ್ನೂ ಗೆಲ್ಲಲಿಲ್ಲ. ಪಟ್ಟಗಳ ಸಂಖ್ಯೆ ನೋಡಿ ಶ್ರೇಷ್ಠರನ್ನು ಆರಿಸುವವರ ಪಟ್ಟಿಯಲ್ಲಿ ಅವನಿಗೆ ಜಾಗವೇ ಇಲ್ಲ. ಅದು ಪಟ್ಟಿಯ ತಪ್ಪು.

ಗೆಲುವಿನ ಶೇಕಡಾ ಲೆಕ್ಕ ಹಿಡಿದರೆ ಸರಿಹೋಗುತ್ತದಾ? ಅದೂ ಇಲ್ಲ. ಕಾರು ಅಡ್ಡ ಬರುತ್ತದೆ. ಫ್ಯಾಂಜಿಯೊ ಆಲ್ಫಾ ರೋಮಿಯೊ, ಮಸೆರಾಟಿ, ಮರ್ಸಿಡಿಸ್, ಫೆರಾರಿ ಅಂತ ತಂಡ ಬದಲಿಸುತ್ತಲೇ ಹೋದ, ಬಹುತೇಕ ಪ್ರತಿ ಸಲ ಆ ಹೊತ್ತಿನ ಒಳ್ಳೆಯ ಕಾರಿಗೇ ಹತ್ತಿದ. ಅದೂ ಒಂದು ಜಾಣತನವೇ. ಆದರೆ ಅಂದಿನ ಅನುಕೂಲಗಳು ಈಗ ಊಹಿಸಲೂ ಆಗದಂಥವು. 1956ರಲ್ಲಿ ಇಟಲಿಯ ಮೋನ್‌ಝಾದಲ್ಲಿ ಫ್ಯಾಂಜಿಯೊನ ಕಾರು ಕೆಟ್ಟಿತು. ಟೀಮ್‌ಮೇಟ್ ಪೀಟರ್ ಕಾಲಿನ್ಸ್‌ಗೆ ಅವತ್ತು ತಾನೇ ಚಾಂಪಿಯನ್ ಆಗುವ ಅವಕಾಶವಿತ್ತು. ಅವನು ಟ್ರ್ಯಾಕ್ ಪಕ್ಕದಲ್ಲಿ ಕಾರು ನೋಡಿಕೊಳ್ಳುವ ಜಾಗಕ್ಕೆ, ಅಂದರೆ ಪಿಟ್‌ಗೆ, ಬಂದು ಇಳಿದು ತನ್ನ ಕಾರನ್ನೇ ಬಿಟ್ಟುಕೊಟ್ಟ. ಫ್ಯಾಂಜಿಯೊ ಆ ಕಾರಿನಲ್ಲಿ ಎರಡನೇ ಸ್ಥಾನಕ್ಕೆ ಬಂದು ನಾಲ್ಕನೇ ಪಟ್ಟ ಗೆದ್ದ. ಈಗಿನ ಮೆಕ್‌ಲಾರೆನ್ ತಂಡದಲ್ಲಿ ಲ್ಯಾಂಡೊ ನಾರಿಸ್‌ಗೆ ಟೀಮ್‌ಮೇಟ್ ಆಸ್ಕರ್ ಪಿಯಾಸ್ಟ್ರಿ ಹೀಗೆ ಕಾರು ಕೊಡುವುದನ್ನು ಕಲ್ಪಿಸಿಕೊಳ್ಳಿ!

ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1950ರಿಂದ 2014ರವರೆಗಿನ ಫಲಿತಾಂಶಗಳನ್ನು ಹಿಡಿದು ತಂಡದ ಪಾಲೆಷ್ಟು, ಚಾಲಕನ ಪಾಲೆಷ್ಟು ಅಂತ ಬೇರ್ಪಡಿಸಿ ನೋಡಿದರು. ಅದು ಪ್ರಕಟವಾಗಿದ್ದು 2016ರಲ್ಲಿ. ಇವೆರಡರ ನಡುವೆ ಹಂಚಿದಾಗ ವ್ಯತ್ಯಾಸದಲ್ಲಿ ಸುಮಾರು ಶೇ 86 ತಂಡದ್ದೇ ಅಂತ ಬಂತು. ಕಾರಿನ ಪಾಲು ತೆಗೆದ ಮೇಲೆ ಮೊದಲ ಸ್ಥಾನ ಫ್ಯಾಂಜಿಯೊಗೆ, ಎರಡನೆಯದು ಪ್ರಾಸ್ಟ್‌ಗೆ, ಮೂರನೆಯದು ಜಿಮ್ ಕ್ಲಾರ್ಕ್‌ಗೆ. ಏಳು ಪಟ್ಟದ ಶೂಮಾಕರ್ ಮೊದಲ ಐದರಲ್ಲೂ ಇರಲಿಲ್ಲ. 2010ರಲ್ಲಿ ಮರಳಿ ಬಂದು ಓಡಿದ ಮೂರು ವರ್ಷ ಅವನನ್ನು ಕೆಳಗೆ ಎಳೆದಿದ್ದವು.

2020ರಲ್ಲಿ ಫಾರ್ಮುಲಾ 1 ಸಂಸ್ಥೆ ಅಮೆಜಾನ್ ಜೊತೆ ಸೇರಿ ಬೇರೆ ಪಟ್ಟಿ ಮಾಡಿತು. ಅದು 1983ರಿಂದ ಈಚಿನ ಕ್ವಾಲಿಫೈಯಿಂಗ್ (ರೇಸಿಗೆ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಸುತ್ತು) ವೇಗ ಮಾತ್ರ ನೋಡಿತು. ಅಲ್ಲಿ ಸೆನ್ನಾ, ಶೂಮಾಕರ್, ಹ್ಯಾಮಿಲ್ಟನ್, ವರ್ಸ್ಟಾಪನ್, ಅಲೊನ್ಸೊ ಈ ಕ್ರಮ. ಎಂಟನೇ ಜಾಗದಲ್ಲಿ ಹೈಕಿ ಕೊವಲೈನೆನ್! ಫಾರ್ಮುಲಾ 1ನಲ್ಲಿ ಒಂದೇ ರೇಸ್ ಗೆದ್ದ ಚಾಲಕ. ಜನ ನಕ್ಕುಬಿಟ್ಟರು. ಆದರೆ ಎರಡೂ ಪಟ್ಟಿಗಳ ಒಳಗಿರುವ ಉಪಾಯ ಒಂದೇ, ಮತ್ತು ಅದು ನಗುವಂಥದ್ದಲ್ಲ. ಚಾಲಕನನ್ನು ಅವನ ಟೀಮ್‌ಮೇಟ್ ಜೊತೆ ಹೋಲಿಸು. ಒಂದೇ ಕಾರು, ಒಂದೇ ದಿನ, ಒಂದೇ ಟ್ರ್ಯಾಕ್. ಆಮೇಲೆ ಆ ಟೀಮ್‌ಮೇಟ್‌ನನ್ನು ಅವನ ಮುಂದಿನ ಟೀಮ್‌ಮೇಟ್ ಜೊತೆ ಹೋಲಿಸು. ಹಾಗೇ ಮುಂದುವರಿ.

ಈ ಸರಪಳಿಯನ್ನು ಕೈಯಲ್ಲಿ ಹಿಡಿದು ನೋಡುವುದು ನನಗೆ ತುಂಬಾ ಇಷ್ಟ. ಫ್ಯಾಂಜಿಯೊ 1955ರಲ್ಲಿ ಮರ್ಸಿಡಿಸ್‌ನಲ್ಲಿ ಮಾಸ್ ಜೊತೆ ಓಡಿದ. ಮಾಸ್ ವಾನ್‌ವಾಲ್ ತಂಡದಲ್ಲಿ ಟೋನಿ ಬ್ರೂಕ್ಸ್ ಜೊತೆ. ಬ್ರೂಕ್ಸ್ 1961ರಲ್ಲಿ ಬಿಆರ್‌ಎಂನಲ್ಲಿ ಗ್ರಹಾಂ ಹಿಲ್ ಜೊತೆ. ಹಿಲ್ 1969ರಲ್ಲಿ ಲೋಟಸ್‌ನಲ್ಲಿ ಯೋಹೆನ್ ರಿಂಟ್ ಜೊತೆ, ರಿಂಟ್ ಮರುವರ್ಷ ಎಮರ್ಸನ್ ಫಿಟ್ಟಿಪಾಲ್ಡಿ ಜೊತೆ. ಫಿಟ್ಟಿಪಾಲ್ಡಿ ಆಮೇಲೆ ರೋನಿ ಪೀಟರ್ಸನ್ ಜೊತೆ. ಪೀಟರ್ಸನ್ ಅದಕ್ಕೂ ಒಂದು ವರ್ಷ ಮೊದಲು ಮಾರ್ಚ್ ತಂಡದಲ್ಲಿ ನಿಕಿ ಲೌಡಾ ಜೊತೆ. ಲೌಡಾ ಬ್ರಾಬಮ್‌ನಲ್ಲಿ ನೆಲ್ಸನ್ ಪಿಕೆ ಜೊತೆ. ಪಿಕೆ 1991ರಲ್ಲಿ ಬೆನೆಟನ್‌ನಲ್ಲಿ ಶೂಮಾಕರ್ ಜೊತೆ. ಶೂಮಾಕರ್ 2010ರಿಂದ 2012ರವರೆಗೆ ನಿಕೊ ರೋಸ್‌ಬರ್ಗ್ ಜೊತೆ. ರೋಸ್‌ಬರ್ಗ್ ಹ್ಯಾಮಿಲ್ಟನ್ ಜೊತೆ, ಹ್ಯಾಮಿಲ್ಟನ್ ಫೆರಾರಿಯಲ್ಲಿ ಲೆಕ್ಲರ್ಕ್ ಜೊತೆ, ಲೆಕ್ಲರ್ಕ್ ಅದಕ್ಕೆ ಮೊದಲು ಸೈಂಜ್ ಜೊತೆ, ಸೈಂಜ್ 2015ರಲ್ಲಿ ಟೋರೊ ರೊಸ್ಸೊದಲ್ಲಿ 17 ವರ್ಷದ ವರ್ಸ್ಟಾಪನ್ ಜೊತೆ. ಹದಿನಾಲ್ಕು ಕೊಂಡಿ. ಫ್ಯಾಂಜಿಯೊ ಮತ್ತು ವರ್ಸ್ಟಾಪನ್ ನಡುವೆ ಅಷ್ಟೇ ದೂರ.

ಆದರೆ ಒಂದೊಂದು ಕೊಂಡಿಯನ್ನೂ ಎಳೆದು ನೋಡಬೇಕು. ಶೂಮಾಕರ್ ಮತ್ತು ಪಿಕೆ ಜೊತೆಗಿದ್ದಿದ್ದು ಐದೇ ರೇಸ್. ಆಗ ಪಿಕೆಗೆ 39 ವರ್ಷ, ಫಾರ್ಮುಲಾ 1ನಲ್ಲಿ ಅವನ ಕೊನೆಯ ಸೀಸನ್. ಅದೇ ಶೂಮಾಕರ್ ರೋಸ್‌ಬರ್ಗ್ ಎದುರು ಸೋತಾಗ ಅವನಿಗೇ 40 ದಾಟಿತ್ತು, ನಡುವೆ ಮೂರು ವರ್ಷ ರೇಸ್ ಬಿಟ್ಟಿದ್ದ. ಆ ಕೊಂಡಿಯನ್ನು ಹಾಗೇ ನಂಬಿದರೆ ರೋಸ್‌ಬರ್ಗ್ ಶೂಮಾಕರ್‌ಗಿಂತ ದೊಡ್ಡ ಚಾಲಕ ಅಂತಾಗುತ್ತದೆ. 2002ರ ಶೂಮಾಕರ್ ಎದುರು ಆ ಮಾತು ನಿಲ್ಲುತ್ತದಾ? ನನಗನಿಸುವುದಿಲ್ಲ. 1972ರ ಲೌಡಾ ಇನ್ನೂ ಕಲಿಯುತ್ತಿದ್ದ ಹುಡುಗ, 1975ರ ಲೌಡಾ ವಿಶ್ವ ಚಾಂಪಿಯನ್. ಸರಪಳಿ ಅಳೆಯುವುದು ಆಯಾ ವರ್ಷದ ಮನುಷ್ಯನನ್ನು, ಅವನ ಹೆಸರನ್ನಲ್ಲ. ಹಾಗಾಗಿ ಇಬ್ಬರೂ ಒಳ್ಳೆಯ ವಯಸ್ಸಿನಲ್ಲಿದ್ದ ಕೊಂಡಿಗಳಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. 1988 ಮತ್ತು 89ರ ಸೆನ್ನಾ-ಪ್ರಾಸ್ಟ್ ಅಂಥದ್ದು. 2013ರಿಂದ 16ರವರೆಗಿನ ಹ್ಯಾಮಿಲ್ಟನ್-ರೋಸ್‌ಬರ್ಗ್ ಅಂಥದ್ದು. 2007ರ ಹ್ಯಾಮಿಲ್ಟನ್-ಅಲೊನ್ಸೊ ಜೋಡಿಯಲ್ಲಿ ಒಬ್ಬ ಹೊಸಬ, ಇನ್ನೊಬ್ಬ ಎರಡು ಸಲದ ಚಾಂಪಿಯನ್. ವರ್ಷದ ಕೊನೆಗೆ ಇಬ್ಬರಿಗೂ 109 ಅಂಕ. ಹೊಸಬ ಎಂಥವನು ಅಂತ ಆ ಒಂದು ಅಂಕಿಯೇ ಹೇಳಿತ್ತು.

ಇನ್ನೊಂದು ಸಾಕ್ಷಿ ಇದೆ, ಅದನ್ನು ಜನ ಮರೆಯುತ್ತಾರೆ. ಒಬ್ಬನೇ ಚಾಲಕ ಹಲವು ಯುಗ ದಾಟಿದ್ದು. ಲೌಡಾ 1975 ಮತ್ತು 77ರಲ್ಲಿ ಗೆದ್ದು, ನಿವೃತ್ತನಾಗಿ, ಮರಳಿ ಬಂದು 1984ರಲ್ಲಿ ಟರ್ಬೊ ಕಾರಿನಲ್ಲಿ ಮತ್ತೆ ಚಾಂಪಿಯನ್ ಆದ. ಅದೂ ಪ್ರಾಸ್ಟ್‌ಗಿಂತ ಅರ್ಧ ಅಂಕ ಮುಂದೆ. ಅಲೊನ್ಸೊ 2001ರಲ್ಲಿ ವಿ10 ಎಂಜಿನ್ ಕಾಲದಲ್ಲಿ ಬಂದವನು. ವಿ8 ಬಂತು, ಹೈಬ್ರಿಡ್ ಬಂತು, 2023ರಲ್ಲಿ 42ರ ಹೊಸ್ತಿಲಲ್ಲಿ ಎಂಟು ಸಲ ಪೋಡಿಯಂ ಏರಿದ, ಅಂದರೆ ಮೊದಲ ಮೂರರೊಳಗೆ ಬಂದ. ನಿಯಮ ಬದಲಾದಾಗಲೆಲ್ಲಾ ಮೇಲಿದ್ದವರು ಹೆಚ್ಚುಕಮ್ಮಿ ಮೇಲೇ ಉಳಿಯುತ್ತಾರೆ ಅಂದರೆ, ಕೈಯಲ್ಲಿರುವ ವಿದ್ಯೆಗೆ ಯುಗದ ಹಂಗು ನಾವಂದುಕೊಂಡಷ್ಟಿಲ್ಲ.

ಹಾಗಾದರೆ ಬದಲಾಗಿದ್ದು ಏನು? ಚಾಲಕನಿಂದ ಕೇಳುವುದು ಬದಲಾಗಿದೆ.

1957ರ ಆಗಸ್ಟ್, ಜರ್ಮನಿಯ ನೂರ್ಬರ್ಗ್‌ರಿಂಗ್. ಒಂದು ಸುತ್ತು ಸುಮಾರು 22.8 ಕಿಲೋಮೀಟರ್, ಒಟ್ಟು 22 ಸುತ್ತು. ಕಾಡು, ಏರು, ಇಳಿಜಾರು, ಪಕ್ಕದಲ್ಲಿ ತಡೆಗೋಡೆ ಇಲ್ಲ. ಫ್ಯಾಂಜಿಯೊಗೆ 46 ವರ್ಷ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಕೊಂಡು ಹಗುರವಾಗಿ ಹೊರಟ, ನಡುವೆ ನಿಂತು ಟಯರ್ ಬದಲಿಸುವ ಯೋಜನೆ. ಪಿಟ್‌ನಲ್ಲಿ ಕೆಲಸ ತಡವಾಯಿತು. ಅರ್ಧ ನಿಮಿಷದ ಮುನ್ನಡೆ ಹೋಗಿ ಮುಕ್ಕಾಲು ನಿಮಿಷಕ್ಕೂ ಜಾಸ್ತಿ ಹಿನ್ನಡೆ ಆಯಿತು. ಮುಂದೆ ಫೆರಾರಿಯಲ್ಲಿ ಹಾಥಾರ್ನ್ ಮತ್ತು ಕಾಲಿನ್ಸ್, ಇಬ್ಬರೂ ಹುಡುಗರು. ಅಲ್ಲಿಂದ ಫ್ಯಾಂಜಿಯೊ ಸುತ್ತು ಸುತ್ತಿಗೂ ದಾಖಲೆ ಮುರಿಯುತ್ತಾ ಹೋದ. ಹಿಂದಿನ ವರ್ಷ ಅವನದೇ ದಾಖಲೆ 9 ನಿಮಿಷ 41.6 ಸೆಕೆಂಡು ಇತ್ತು. ಆ ದಿನ ಅವನು 9 ನಿಮಿಷ 17.4ಕ್ಕೆ ತಂದಿಟ್ಟ. ಕೊನೆಯ ಸುತ್ತಿಗೆ ಮೊದಲೇ ಇಬ್ಬರನ್ನೂ ದಾಟಿ 3.6 ಸೆಕೆಂಡಿನಲ್ಲಿ ಗೆದ್ದ. ಅದೇ ಅವನ ಕೊನೆಯ ಗೆಲುವು. ಅವನ ಕಿವಿಗೆ ಮುಂದಿನ ಕಾರು ಎಷ್ಟು ದೂರದಲ್ಲಿದೆ ಅಂತ ಹೇಳುವ ರೇಡಿಯೊ ಇರಲಿಲ್ಲ. ಯಾವ ತಿರುವಿನಲ್ಲಿ ಎಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಹುದು ಅನ್ನುವ ತೀರ್ಮಾನ ಪೂರ್ತಿ ಅವನದೇ.

ಆ ತೀರ್ಮಾನ ತಪ್ಪಿದರೆ ಏನಾಗುತ್ತಿತ್ತು? 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮಳೆಗೆ ಜಾಕಿ ಸ್ಟೀವರ್ಟ್‌ನ ಕಾರು ಹಾರಿತು. ನಜ್ಜುಗುಜ್ಜಾದ ಕಾರಿನೊಳಗೆ ಪೆಟ್ರೋಲಿನಲ್ಲಿ ನೆನೆದುಕೊಂಡು ಸುಮಾರು 25 ನಿಮಿಷ ಸಿಕ್ಕಿಬಿದ್ದಿದ್ದ. ಬಿಡಿಸಿದ್ದು ಜೊತೆಗಿದ್ದ ಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಸ್ಟೀರಿಂಗ್ ಬಿಚ್ಚಲು ಪ್ರೇಕ್ಷಕರೊಬ್ಬರ ಹತ್ತಿರ ಸ್ಪ್ಯಾನರ್ ಕೇಳಿ ತಂದಿದ್ದರು. ಸುರಕ್ಷತೆಗಾಗಿ ಸ್ಟೀವರ್ಟ್ ಹೋರಾಟ ಶುರುವಾಗಿದ್ದು ಅಲ್ಲಿಂದ. ಜನ ಅವನನ್ನು ಪುಕ್ಕಲ ಅಂದರು. ಅದೇ ಪುಕ್ಕಲ 1968ರಲ್ಲಿ ಮಂಜು, ಮಳೆ ಸುರಿಯುವ ನೂರ್ಬರ್ಗ್‌ರಿಂಗ್‌ನಲ್ಲಿ ಗಾಯಗೊಂಡ ಮಣಿಕಟ್ಟು ಇಟ್ಟುಕೊಂಡು ನಾಲ್ಕು ನಿಮಿಷದ ಅಂತರದಲ್ಲಿ ಗೆದ್ದ. 1973ರಲ್ಲಿ ಟೀಮ್‌ಮೇಟ್ ಫ್ರಾಂಸ್ವಾ ಸೆವೆರ್ ತೀರಿಕೊಂಡಾಗ ತನ್ನ ನೂರನೇ ರೇಸ್ ಓಡದೆಯೇ ಮನೆಗೆ ಹೋದ. 2020ರಲ್ಲಿ ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಬೆಂಕಿಯೊಳಗಿಂದ ಎದ್ದು ಬಂದಿದ್ದರ ಹಿಂದೆ ಚಾಲಕನ ತಲೆ ಕಾಯುವ ಲೋಹದ ಚೌಕಟ್ಟು, ಹ್ಯಾಲೊ, ಇತ್ತು. ಆ ಹ್ಯಾಲೊವರೆಗಿನ ದಾರಿಯ ಮೊದಲ ಕಲ್ಲುಗಳನ್ನು ಹಾಕಿದವರಲ್ಲಿ ಸ್ಟೀವರ್ಟ್ ಒಬ್ಬ.

ಚೆಪಾಕ್‌ನಲ್ಲಿ 1975ರ ಜನವರಿಯಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಹೆಲ್ಮೆಟ್ ಇಲ್ಲದೆ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದರಲ್ಲ, ಅದನ್ನು ಇಂದಿನ ಹೆಲ್ಮೆಟ್ ಕಾಲದ ಶತಕದ ಪಕ್ಕ ಇಟ್ಟು ನೋಡುವಾಗಲೂ ಇದೇ ಕಷ್ಟ. ಭಯವನ್ನು ನಿಭಾಯಿಸುವುದು ಅಂದಿನ ವಿದ್ಯೆಯ ಒಂದು ಭಾಗ. ಇಂದಿನವರಿಗೆ ಆ ಪರೀಕ್ಷೆ ಅಷ್ಟಾಗಿ ಬರುವುದಿಲ್ಲ, ಬರಬಾರದು ಕೂಡ. ಪರೀಕ್ಷೆ ಬರಲಿಲ್ಲ ಅಂದ ಮಾತ್ರಕ್ಕೆ ಅವರು ಫೇಲ್ ಅಂತಲ್ಲ.

ಇಂದಿನ ಪರೀಕ್ಷೆ ಬೇರೆ ಥರ ಕಠಿಣ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಹೊರಳಿದಾಗ ದೇಹದ ಮೇಲೆ ಐದು ಜಿ ಬಲ ಬೀಳುತ್ತದೆ. ತಲೆ ಮತ್ತು ಹೆಲ್ಮೆಟ್ ಸೇರಿ ಐದು ಪಟ್ಟು ಭಾರವಾದಂತೆ ಕುತ್ತಿಗೆಗೆ ಅನಿಸುತ್ತದೆ, ಸುತ್ತು ಸುತ್ತಿಗೂ. ಅದರ ನಡುವೆ ಟಯರ್ ಬಿಸಿ ನೋಡಬೇಕು, ಬ್ರೇಕ್ ಹಂಚಿಕೆ ತಿರುಗಿಸಬೇಕು, ಬ್ಯಾಟರಿ ಉಳಿಸಬೇಕು, ಎಂಜಿನಿಯರ್ ಮಾತಿಗೆ ಉತ್ತರ ಕೊಡಬೇಕು. ಅಂತರವೋ, ಕೂದಲೆಳೆ. 1988ರಲ್ಲಿ ಮೊನಾಕೊದಲ್ಲಿ ಸೆನ್ನಾ ಅದೇ ಕಾರಿನ ಪ್ರಾಸ್ಟ್‌ಗಿಂತ 1.4 ಸೆಕೆಂಡು ಮುಂದೆ ಪೋಲ್ (ಹೊರಡುವ ಸಾಲಿನ ಮೊದಲ ಜಾಗ) ಪಡೆದ. 2024ರಲ್ಲಿ ಕೆನಡಾದಲ್ಲಿ ಜಾರ್ಜ್ ರಸೆಲ್ ಮತ್ತು ವರ್ಸ್ಟಾಪನ್ ಬೇರೆ ಬೇರೆ ಕಾರಿನಲ್ಲಿ ಒಂದೇ ಸಮಯ ಹಾಕಿದರು, 1 ನಿಮಿಷ 12.000. 1950ರ ಮೊದಲ ರೇಸಿನ ಗ್ರಿಡ್‌ನಲ್ಲಿ, ಅಂದರೆ ಕಾರುಗಳು ಹೊರಡುವ ಸಾಲಿನಲ್ಲಿ, ಮುಂದಿನವನಿಗೂ ಹಿಂದಿನವನಿಗೂ ಒಂದು ಸುತ್ತಿನ ಸಮಯದಲ್ಲಿ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರವಿತ್ತು. 2024ರಲ್ಲಿ ಇಡೀ ಗ್ರಿಡ್ ಎಷ್ಟೋ ಸಲ ಒಂದೂವರೆ ಸೆಕೆಂಡಿನೊಳಗೆ ಇತ್ತು.

ಮಳೆ ಬಂದಾಗ ಮಾತ್ರ ಯುಗಗಳು ಸ್ವಲ್ಪ ಹತ್ತಿರ ಬರುತ್ತವೆ. ಕಾರಿನ ಮೇಲುಗೈ ಕಡಿಮೆಯಾಗಿ ಕೈ, ಕಾಲು, ಕಣ್ಣಿನ ಕೆಲಸ ಹೆಚ್ಚಾಗುತ್ತದೆ. ಕ್ಲಾರ್ಕ್ 1963ರಲ್ಲಿ ಸ್ಪಾದಲ್ಲಿ ಐದು ನಿಮಿಷದಷ್ಟು ಮುಂದೆ ಗೆದ್ದ. ಸೆನ್ನಾ 1993ರಲ್ಲಿ ಡೊನಿಂಗ್ಟನ್‌ನಲ್ಲಿ ಐದನೇ ಜಾಗಕ್ಕೆ ಜಾರಿ, ಮೊದಲ ಸುತ್ತು ಮುಗಿಯುವುದರೊಳಗೆ ಎಲ್ಲರಿಗಿಂತ ಮುಂದಿದ್ದ. ಹ್ಯಾಮಿಲ್ಟನ್ 2008ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದ. ವರ್ಸ್ಟಾಪನ್ 2024ರಲ್ಲಿ ಬ್ರೆಜಿಲ್‌ನಲ್ಲಿ 17ನೇ ಜಾಗದಿಂದ ಹೊರಟು ಗೆದ್ದ. ಅಲ್ಲಿ ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸಿದ್ದು ಅವನಿಗೆ ನೆರವಾಗಿದ್ದು ನಿಜ. ಆದರೂ ಆ ದಿನದ ಅವನ ಸುತ್ತುಗಳನ್ನು ನೋಡಿದವರಿಗೆ ಇವನು ಆ ಸಾಲಿನವನೇ ಅಂತ ಅನುಮಾನ ಉಳಿಯುವುದಿಲ್ಲ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ತುತ್ತತುದಿಯಲ್ಲಿ ಯುಗ ಯುಗಕ್ಕೆ ವ್ಯತ್ಯಾಸ ಇಲ್ಲ. ಫ್ಯಾಂಜಿಯೊ, ಕ್ಲಾರ್ಕ್, ಸೆನ್ನಾ, ಶೂಮಾಕರ್, ಹ್ಯಾಮಿಲ್ಟನ್, ವರ್ಸ್ಟಾಪನ್ ಇವರನ್ನು ಹುಟ್ಟಿದ ವರ್ಷ ಬದಲಿಸಿ ಬೆಳೆಸಿದರೂ ಅದೇ ಜಾಗಕ್ಕೆ ಬರುತ್ತಿದ್ದರು. ಕ್ಲಾರ್ಕ್‌ನ 72 ರೇಸಿನಲ್ಲಿ 25 ಗೆಲುವು ನೋಡಿದರೆ ಆ ಆರು ಜನರಲ್ಲಿ ನನ್ನ ಮನಸ್ಸು ಅವನ ಕಡೆ ವಾಲುತ್ತದೆ. ಆದರೆ ಗ್ರಿಡ್‌ನ ಹತ್ತನೇ, ಹದಿನೈದನೇ ಜಾಗದವರನ್ನು ತೆಗೆದುಕೊಂಡರೆ ಈಗಿನವರೇ ಮೇಲು, ಅದೂ ತುಂಬಾ ಮೇಲು. ಅಂದು ಕಾರು ಕೊಳ್ಳುವ ದುಡ್ಡಿದ್ದರೆ ಗ್ರಿಡ್‌ನಲ್ಲಿ ಜಾಗ ಸಿಗುತ್ತಿತ್ತು. ಇಂದು ಎಂಟನೇ ವಯಸ್ಸಿಗೆ ಕಾರ್ಟಿಂಗ್ ಶುರು ಮಾಡಿ, ಫಾರ್ಮುಲಾ 4, 3, 2 ದಾಟಿ, ಫಾರ್ಮುಲಾ 1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ 40 ಅಂಕ ಕೂಡಿಸಿಯೇ ಬರಬೇಕು.

ಈ ಜರಡಿಯ ಬಗ್ಗೆ ಬೆಂಗಳೂರಿನಲ್ಲಿ ಕೂತವರು ಯೋಚಿಸಲೇಬೇಕು. ಫ್ಯಾಂಜಿಯೊ ಬಾಲ್ಕಾರ್ಸೆ ಅನ್ನುವ ಸಣ್ಣ ಊರಿನ ಮೆಕ್ಯಾನಿಕ್. ಊರಿನ ಜನ ದುಡ್ಡು ಕೂಡಿಸಿ ಅವನಿಗೆ ಕಾರು ಕೊಡಿಸಿದರು. ಇವತ್ತು ಒಂದು ಊರು ಹಾಗೆ ಕೂಡಿಸಿದರೆ ಸಾಲುತ್ತದಾ? ಫಾರ್ಮುಲಾ 2ರ ಒಂದು ಸೀಸನ್‌ಗೇ ಇಪ್ಪತ್ತು ಕೋಟಿ ರೂಪಾಯಿಗೂ ಜಾಸ್ತಿ ಬೇಕಾಗುತ್ತದೆ. ನಮ್ಮೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ 2ವರೆಗೆ ಹೋದರು. ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು, ಅಲ್ಲಿ ಜನಗಣಮನ ಮೊಳಗಿತು. ಇಬ್ಬರದೂ ನಿಜವಾದ ಪ್ರತಿಭೆ, ಹೆಮ್ಮೆ ಪಡಬೇಕಾದದ್ದೇ. ಆದರೆ ಅವರ ಹಿಂದೆ ಉದ್ಯಮಿ ಕುಟುಂಬದ ಬಲವಿತ್ತು. ಬೆಂಗಳೂರಿಗೆ ಇಂದಿಗೂ ಸ್ವಂತ ರೇಸ್ ಟ್ರ್ಯಾಕ್ ಇಲ್ಲ, ಚೆನ್ನೈನ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿಗೆ ಹೋಗಬೇಕು. 2011ರ ಸೆಪ್ಟೆಂಬರ್‌ನಲ್ಲಿ ಹ್ಯಾಮಿಲ್ಟನ್ ನೈಸ್ ರಸ್ತೆಯಲ್ಲಿ ಮೆಕ್‌ಲಾರೆನ್ ಓಡಿಸಿದಾಗ ಸಾವಿರಾರು ಜನ ಬಂದಿದ್ದರು. ಅವತ್ತು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಗುವಿಗೆ ಮುಂದಿನ ಹೆಜ್ಜೆ ಇಡಲು ಊರಿನಲ್ಲಿ ರೇಸ್ ಟ್ರ್ಯಾಕೇ ಇರಲಿಲ್ಲ.

ಅಂದರೆ ಇಂದಿನ ಗ್ರಿಡ್ ಜಗತ್ತಿನ ಅತಿ ವೇಗದ 22 ಜನರದ್ದಲ್ಲ. ಖರ್ಚು ತಡೆದುಕೊಂಡವರಲ್ಲಿ ಅತಿ ವೇಗದ 22 ಜನರದ್ದು. 1950ರ ಸಾಲಿಗೆ ಸಿಯಾಮ್‌ನ (ಈಗಿನ ಥಾಯ್ಲೆಂಡ್) ರಾಜಕುಮಾರ ಬೀರಾ ಬಂದಿದ್ದ, ಬೆಂಗಳೂರಿನ ಗ್ಯಾರೇಜ್ ಹುಡುಗ ಬಂದಿರಲಿಲ್ಲ. ಈಗಲೂ ಬಂದಿಲ್ಲ. ಹಳಬರ ಕಾಲಕ್ಕೆ ಇರದಿದ್ದ ಒಂದು ಬಾಗಿಲು ಈಗ ತೆರೆದಿದೆ, ಅದು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಸಿಮ್ಯುಲೇಟರ್, ಚಿಕ್ಕದಾಗಿ ಸಿಮ್. ಬ್ರಿಟನ್‌ನ ಯಾನ್ ಮಾರ್ಡನ್‌ಬರೊ ವಿಡಿಯೊ ಗೇಮ್ ಸ್ಪರ್ಧೆಯಿಂದ 2011ರಲ್ಲಿ ನಿಜವಾದ ರೇಸಿಂಗ್‌ಗೆ ಹತ್ತಿದ. ವರ್ಸ್ಟಾಪನ್ ಕೂಡ ಬಿಡುವಿದ್ದಾಗಲೆಲ್ಲಾ ಸಿಮ್‌ನಲ್ಲಿ ರೇಸ್ ಓಡುತ್ತಾನೆ. ಕುತ್ತಿಗೆಗೆ ಬೀಳುವ ಭಾರವನ್ನೂ ಗೋಡೆಯ ಭಯವನ್ನೂ ಸಿಮ್ ಕಲಿಸುವುದಿಲ್ಲ. ಆದರೆ ಬ್ರೇಕ್ ಎಲ್ಲಿ ಬಿಡಬೇಕು, ಟಯರ್ ಹೇಗೆ ಉಳಿಸಬೇಕು ಅನ್ನುವುದನ್ನು ಕಲಿಸುತ್ತದೆ, ಅದೂ ಕಾರ್ಟಿಂಗ್‌ನ ಖರ್ಚಿನ ಸಣ್ಣ ಪಾಲಿನಲ್ಲಿ. ಕರ್ನಾಟಕದ ಮೋಟಾರ್ ಕ್ಲಬ್‌ಗಳು, ಎಂಜಿನಿಯರಿಂಗ್ ಕಾಲೇಜುಗಳು, ಇಲ್ಲಿನ ಗೇಮಿಂಗ್ ಕಂಪನಿಗಳು ಸೇರಿ ಸರ್ಕಾರಿ ಶಾಲೆಯ ಮಕ್ಕಳಿಗೂ ಸಿಗುವ ಹಾಗೆ ಹತ್ತಿಪ್ಪತ್ತು ಸಿಮ್‌ಗಳನ್ನು ಇಟ್ಟು, ಪ್ರತಿ ವರ್ಷ ವೇಗವಾದ ಇಬ್ಬರನ್ನು ಕಾರ್ಟಿಂಗ್‌ಗೆ ಕಳಿಸಬಹುದು. ಒಂದು ಫಾರ್ಮುಲಾ 2 ಸೀಸನ್‌ನ ದುಡ್ಡಿನಲ್ಲಿ ಇಂಥ ಯೋಜನೆಯನ್ನು ಎಷ್ಟೋ ವರ್ಷ ನಡೆಸಬಹುದು.